ರಜೆ ಚಿಕ್ಕದು, ದೇಶ ದೊಡ್ಡದು
ಈ ವಾರ ದೊಮ್ಮಲೂರಿನ ಚೊಕ್ಕನಾಥಸ್ವಾಮಿ ಗುಡಿಯ ಹತ್ತಿರ ಸಿಕ್ಕ ಪಕ್ಕದ ಬೀದಿಯ ಹುಡುಗರು ಎಂಟು ದಿನದ ರಜೆಯ ಪಟ್ಟಿ ತೋರಿಸಿದರು: ದೆಹಲಿ, ಜೈಪುರ, ಕಾಶಿ, ಲೇಹ್. ‘ಬೆನ್ನಿಗೊಂದು ಬ್ಯಾಗು ಸಾಕು ಅಂಕಲ್’ ಎಂದರು. ಬ್ಯಾಗು ಸಾಕು, ದಿನ ಸಾಲದು. ಕರ್ನಾಟಕ ಎಕ್ಸ್‌ಪ್ರೆಸ್ ದೆಹಲಿ ಮುಟ್ಟುವಷ್ಟರಲ್ಲೇ ಎರಡು ರಾತ್ರಿ ಮುಗಿದಿರುತ್ತದೆ, ವಾಪಸ್ಸಿಗೆ ಮತ್ತೆರಡು. ಇಷ್ಟು ದೊಡ್ಡ ದೇಶದಲ್ಲಿ ಕಡಿಮೆ ರಜೆಯವರು ಮೊದಲು ಒಂದು ರೈಲುದಾರಿ ಹಿಡಿಯಬೇಕು, ಊರುಗಳು ಆಮೇಲೆ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಹೊಸಪೇಟೆ. ಮುಂದೆ ಗದಗ, ಬಾದಾಮಿ, ವಿಜಯಪುರ. ಬಾದಾಮಿಯ ಮೂರನೇ ಗುಹೆಗೇ ಅರ್ಧ ದಿನ ಕೊಡಿ: 578ರಲ್ಲಿ ಮಂಗಳೇಶ ಕೊರೆಸಿದ ಆ ಕೆಂಪು ಬಂಡೆಯ ಮಂಟಪದಲ್ಲಿ ಆಳೆತ್ತರ ಮೀರಿದ ವಿಷ್ಣು ಹೆಡೆಬಿಚ್ಚಿದ ಆದಿಶೇಷನ ಮೇಲೆ ಕುಳಿತಿದ್ದಾನೆ. ಗೋಳಗುಮ್ಮಟ ಕೊನೆಗಿರಲಿ, ಜನ ಸೇರುವ ಮುಂಚೆಯೇ ಮೆಟ್ಟಿಲು ಹತ್ತಿಬಿಡಿ.