ಎತ್ತಿನ ಹಲ್ಲು ನೋಡುವ ನಾವು ಕಾರಿನ ಬಾನೆಟ್ ಯಾಕೆ ಎತ್ತಲ್ಲ?

ಹೋದ ವರ್ಷ ದೊಡ್ಡಮಳೂರಿನ ಅಪ್ರಮೇಯ ಸ್ವಾಮಿ ದೇವಸ್ಥಾನದ ಮುಂದೆ ಒಂದು ಕೆಂಪು ಕಾರಿಗೆ ಪೂಜೆ ಆಯಿತು. ನನ್ನ ಚಿಕ್ಕಪ್ಪನ ಮಗ ಬೆಂಗಳೂರಿನಿಂದ ತಂದ ಸೆಕೆಂಡ್ ಹ್ಯಾಂಡ್ ಗಾಡಿ. ಟರ್ಬೊ ಎಂಜಿನ್, ಅಗಲ ಟೈರು, ತಗ್ಗಿಸಿದ ಬಾಡಿ, ಗುಡುಗುವ ಸೈಲೆನ್ಸರ್. ಫೆರಾರಿ ಅಲ್ಲದಿರಬಹುದು, ನಮ್ಮ ಹುಡುಗರಿಗೆ ಅದೇ ಸ್ಪೋರ್ಟ್ಸ್ ಕಾರು.

ಮೂರನೇ ತಿಂಗಳಿಗೆ ಕಾರು ಗ್ಯಾರೇಜ್ ಸೇರಿತು. "ಟರ್ಬೊ ಹೋಗಿದೆ. ಇದು ನೀರಲ್ಲಿ ಮುಳುಗಿದ್ದ ಗಾಡಿ ಕಣಪ್ಪ" ಅಂದರು ಮೆಕ್ಯಾನಿಕ್. ಹೋಗಿದ್ದು ರೇಷ್ಮೆಗೂಡು ಮಾರಿ ಕೂಡಿಟ್ಟ ದುಡ್ಡು, ಜೊತೆಗೆ ಚಿಕ್ಕಮ್ಮ ಅಡವಿಟ್ಟ ಸರ.

ಆಸೆಪಟ್ಟಿದ್ದು ತಪ್ಪು ಅಂತ ನಾನು ಹೇಳಲ್ಲ. ತಪ್ಪಿದ್ದು ನೋಡುವ ರೀತಿಯಲ್ಲಿ. ನಮ್ಮ ಚಿಕ್ಕಪ್ಪ ಕೆಂಗಲ್ ಅಯ್ಯನಗುಡಿ ಜಾತ್ರೆಗೆ ಹೋದರೆ ಎತ್ತಿನ ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ಹತ್ತು ಹೆಜ್ಜೆ ನಡೆಸುತ್ತಾರೆ. ಆಮೇಲೇ ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಮಾತು. ಅದೇ ಮನೆಯ ಮಗ ರಾತ್ರಿ ಎಂಟು ಗಂಟೆಗೆ ಲೈಟಿನ ಕೆಳಗೆ ಹೊಳೆಯುವ ಬಣ್ಣ ನೋಡಿ ಟೋಕನ್ ಅಡ್ವಾನ್ಸ್ ಕೊಟ್ಟು ಬಂದ.

ನನ್ನ ಮಾತು ಇಷ್ಟೇ: ಗಾಡಿ ಪೂರ್ತಿ ನೋಡುವವರೆಗೆ ಒಂದು ರೂಪಾಯಿ ಅಡ್ವಾನ್ಸ್ ಕೊಡಬೇಡಿ. ದುಡ್ಡು ಕೊಟ್ಟ ಮೇಲೆ ದೋಷ ಕಂಡರೂ ಮನಸ್ಸು ಒಪ್ಪಲ್ಲ.

ನೋಡಲು ಬೆಳಗ್ಗೆಯೇ ಹೋಗಿ. ಮೊದಲು ಬಾನೆಟ್ ಮೇಲೆ ಕೈಯಿಡಿ, ತಣ್ಣಗಿರಬೇಕು. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದಾಗಲೇ ನಿಜ ಹೊರಬರುವುದು. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ದಟ್ಟ ಬಿಳಿ ಹೊಗೆ ನಿಲ್ಲದೇ ಬರುತ್ತಿದ್ದರೆ ಕೂಲೆಂಟ್ ಎಂಜಿನ್ ಒಳಗೆ ಹೋಗುತ್ತಿರಬಹುದು. ಜೋರಾಗಿ ಓಡಿಸಿದ ಟರ್ಬೊ ಗಾಡಿಗಳಲ್ಲಿ ಇದನ್ನು ನೋಡಲೇಬೇಕು.

ಬಾಗಿಲು, ಬಾನೆಟ್ ನಡುವಿನ ಸಂದು ಎರಡೂ ಕಡೆ ಒಂದೇ ಸಮ ಇದೆಯಾ? ರಬ್ಬರ್ ಬೀಡಿಂಗ್ ಮೇಲೆ ಬಣ್ಣ ಹತ್ತಿದೆಯಾ? ಹಾಗಿದ್ದರೆ ಮತ್ತೆ ಪೇಂಟ್ ಆಗಿದೆ, ಯಾಕೆ ಅಂತ ಕೇಳಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ರ 23ನೇ ವಾರ ತಯಾರಾದ ಟೈರು. ಮೀಟರ್ 30 ಸಾವಿರ ಕಿ.ಮೀ. ತೋರಿಸುತ್ತಾ ಪೆಡಲ್ ರಬ್ಬರ್, ಸ್ಟೀರಿಂಗ್ ಸವೆದು ನುಣ್ಣಗಾಗಿದ್ದರೆ ಮೀಟರ್ ನಂಬಬೇಡಿ, ಸರ್ವಿಸ್ ದಾಖಲೆ ಕೇಳಿ.

ಎಕ್ಸ್‌ಪ್ರೆಸ್‌ವೇಯಲ್ಲಿ ಯಾವ ಗಾಡಿಯಾದರೂ ಬೆಣ್ಣೆಯಂತೆ ಓಡುತ್ತದೆ. ಸರ್ವಿಸ್ ರಸ್ತೆಯ ಹಂಪುಗಳ ಮೇಲೆ, ಹಾಡು ಆಫ್ ಮಾಡಿ ಓಡಿಸಿ. ಸಸ್ಪೆನ್ಷನ್ ಸದ್ದು ಅಲ್ಲಿ ಕೇಳುತ್ತದೆ. ತಗ್ಗಿಸಿದ ಗಾಡಿಯ ಹೊಟ್ಟೆ ನಮ್ಮೂರ ಹಂಪಿಗೆ ತಾಗುತ್ತದಾ ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ.

ನೀರಿನ ವಿಷಯ ಮರೆಯಬೇಡಿ. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಹತ್ತಿರ ಹೆದ್ದಾರಿ ಕೆರೆಯಾಗಿ ವಾಹನಗಳು ಮುಳುಗಿದ್ದನ್ನು ನಾವೇ ಕಂಡಿದ್ದೇವೆ. ಮುಂದಿನ ವಾರವೇ ಬೆಂಗಳೂರಿನ ಯಮಲೂರಿನಲ್ಲಿ ದುಬಾರಿ ಕಾರುಗಳು ನೀರಲ್ಲಿ ನಿಂತಿದ್ದವು. ಅಂಥ ಗಾಡಿಗಳೆಲ್ಲ ಗುಜರಿಗೇ ಹೋದವು ಅಂತ ನಂಬುವುದು ಕಷ್ಟ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ, ಕೆಸರಿನ ಕಲೆ ಸಿಗಬಹುದು. ಮ್ಯಾಟ್ ಎತ್ತಿ, ಸ್ಟೆಪ್ನಿ ತೆಗೆದು ಕೆಳಗೆ ನೋಡಿ. ಮುಗ್ಗಲು ವಾಸನೆ ಬಂದರೆ ವಾಪಸ್ ಬನ್ನಿ.

ಇನ್ನು ಕಾಗದ. ಚಾಸಿ ನಂಬರ್ ಆರ್‌ಸಿ ಜೊತೆ ಹೊಂದಬೇಕು. ಸಾಲ ಇದ್ದರೆ ಬ್ಯಾಂಕಿನ ಎನ್‌ಒಸಿ ಬೇಕು. ಫಾರಂ 29, 30 ಸಹಿ ಮಾಡಿಸಿ ಹೆಸರು ಬದಲಾಯಿಸಿಕೊಳ್ಳಿ. ಬೇರೆ ರಾಜ್ಯದ ನಂಬರ್ ಪ್ಲೇಟ್, ಅಗ್ಗದ ರೇಟು ಅಂದರೆ ಇನ್ನೂ ಹುಷಾರು. 2025ರ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಫೆರಾರಿಯೊಂದರಿಂದ ಬೆಂಗಳೂರಿನ ಆರ್‌ಟಿಒ ಅಧಿಕಾರಿಗಳು ಸುಮಾರು 1.4 ಕೋಟಿ ರೂಪಾಯಿ ತೆರಿಗೆ ಕಟ್ಟಿಸಿಕೊಂಡರು. ನಿಮ್ಮ ಗಾಡಿ ಸಣ್ಣದಿರಬಹುದು, ಇಲ್ಲಿನ ತೆರಿಗೆ ಕಟ್ಟದಿದ್ದರೆ ಹೊರೆ ನಿಮ್ಮ ತಲೆಗೇ.

"ಇಷ್ಟೆಲ್ಲ ಕೇಳುತ್ತಾ ಕೂತರೆ ಬೇರೆಯವರು ತಗೊಂಡು ಹೋಗ್ತಾರೆ" ಅನ್ನುತ್ತಾರೆ. ಹೋಗಲಿ ಬಿಡಿ. ಅವಸರ ಮಾಡುವುದು ಮಾರುವವರ ಹಳೇ ಅಸ್ತ್ರ. ನಿಮಗೆ ಪರಿಚಯದ ಮೆಕ್ಯಾನಿಕ್‌ಗೆ ಒಂದು ದಿನದ ಕೂಲಿ ಕೊಟ್ಟು ಕರೆದುಕೊಂಡು ಹೋಗಿ. ಮಾರುವವರು ತೋರಿಸಿದ ಮೆಕ್ಯಾನಿಕ್ ಬೇಡ.

ಮೊನ್ನೆ ತಮ್ಮ ಇನ್ನೊಂದು ಗಾಡಿ ನೋಡಲು ಹೊರಟ. ಈ ಸಲ ಅಪ್ಪನನ್ನೂ ಕರೆದುಕೊಂಡು ಹೋದ. ಚಿಕ್ಕಪ್ಪನಿಗೆ ಕಾರು ಗೊತ್ತಿಲ್ಲ. ಸುಮ್ಮನೆ ಬಾನೆಟ್ ಮುಟ್ಟಿ ಕೇಳಿದರಂತೆ: "ನಾವು ಬರೋ ಮುಂಚೆ ಯಾಕಪ್ಪ ಬಿಸಿ ಮಾಡಿಟ್ಟಿದ್ದೀಯಾ?"

ಉತ್ತರ ಸರಿ ಬರಲಿಲ್ಲ. ಇಬ್ಬರೂ ಬಸ್ಸಿನಲ್ಲೇ ವಾಪಸ್ ಬಂದರು.