ಗಡಿಗೆ ಯಾರದು?

ವಿಚಾರ ಸಂಕಿರಣಗಳಲ್ಲಿ ಪದೇಪದೇ ಕಿವಿಗೆ ಬೀಳುವ ಮಾತೊಂದಿದೆ: ಮಂಟೇಸ್ವಾಮಿಯ ಹೆಂಡದ ಗಡಿಗೆ ಪ್ರತಿಭಟನೆಯ ಸಂಕೇತ. ಮಾತು ಸುಳ್ಳಲ್ಲ. ಆದರೆ ಹಾಗೆಂದು ಹೇಳಿ ಮುಗಿಸಿದೊಡನೆ ಗಡಿಗೆ ಮಾಯವಾಗಿ ಸಂಕೇತವೊಂದೇ ಉಳಿಯುತ್ತದೆ. ನನ್ನ ತಕರಾರು ಅದಕ್ಕೆ.

ಕಥೆ ಗೊತ್ತಿರುವುದೇ. ಮಂಟೇಸ್ವಾಮಿ ಕಲ್ಯಾಣಕ್ಕೆ ಬರುವುದು ಪೂಜ್ಯ ಗುರುವಿನ ವೇಷದಲ್ಲಲ್ಲ. ರೋಗದ ಮೈ, ಸತ್ತ ಕರು, ಹೆಂಡದ ಗಡಿಗೆ. ಬಾಗಿಲಲ್ಲೇ ತಡೆಯುತ್ತಾರೆ. ಕೊನೆಗೆ ಬಸವಣ್ಣ, ನೀಲಮ್ಮ ಅವನ ಗುರುತು ಹಿಡಿಯುತ್ತಾರೆ. ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ನೀಲಗಾರರು ತಂಬೂರಿ, ಗಗ್ಗರ, ಡಕ್ಕೆ ಹಿಡಿದು ಇದನ್ನು ರಾತ್ರಿಯೆಲ್ಲ ಹಾಡುತ್ತಾರೆ. ಅವರಲ್ಲಿ ಬಹಳ ಮಂದಿ ದಲಿತರು.

ನಾನು ಚಿಕ್ಕವಳಿದ್ದಾಗ ನಮ್ಮ ಕೇರಿಯಲ್ಲಿ ಇದನ್ನು ಹಾಡಿಸಿದ್ದರು. ಗಡಿಗೆಯ ಭಾಗ ಬಂದಾಗ ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಯಾಕಜ್ಜಿ ಎಂದೆ. ‘ನಮ್ಮಟ್ಟಿ ಮಡ್ಕ ಕನ ಕೂಸು ಅದು’ ಅಂದಳು.

ಅದೇ ಊರಿನ ಹೋಟೆಲಿನಲ್ಲಿ ನಮ್ಮ ಕೇರಿಯವರ ಲೋಟಗಳು ಹೊರಗೋಡೆಯ ಸಂದಿನಲ್ಲಿರುತ್ತಿದ್ದವು. ತಾತ ತನ್ನ ಲೋಟ ತೊಳೆದು ಹಿಡಿಯುತ್ತಿದ್ದ, ಮೇಲಿನಿಂದ ಟೀ ಹುಯ್ಯುತ್ತಿದ್ದರು, ಕುಡಿದು ಮತ್ತೆ ತೊಳೆದು ಅಲ್ಲೇ ಇಡುತ್ತಿದ್ದ. ಮುಟ್ಟಿದ ಪಾತ್ರೆಯೆಲ್ಲ ಮೈಲಿಗೆ ಎನಿಸಿಕೊಂಡವಳು ಅಜ್ಜಿ. ತನ್ನ ಮಡಕೆಯನ್ನೇ ಹೊತ್ತು ದೇವರು ಕಲ್ಯಾಣದ ಬಾಗಿಲಿಗೆ ಬಂದದ್ದು, ಅದರ ನಾತಕ್ಕೆ ದೊಡ್ಡವರು ಹೇಸಿದ್ದು ಕೇಳಿ ಅವಳು ನಕ್ಕಳು. ಆ ನಗುವಿನಲ್ಲಿ ಹಗೆಯೂ ಇತ್ತು, ಹೆಮ್ಮೆಯೂ ಇತ್ತು. ‘ಪ್ರತಿಭಟನೆ’ ಎಂಬ ಒಂದು ಪದಕ್ಕೆ ಅದು ಹಿಡಿಸುವುದಿಲ್ಲ.

ವ್ಯಾನ್ ಗೋ ಬರೆದ ಹಳೇ ಬೂಟುಗಳ ಚಿತ್ರದಲ್ಲಿ ತತ್ವಜ್ಞಾನಿ ಹೈಡೆಗರ್ ರೈತ ಹೆಂಗಸಿನ ದುಡಿಮೆ, ದಣಿವುಗಳನ್ನು ಕಂಡ. 1968ರಲ್ಲಿ ಕಲಾ ಇತಿಹಾಸಕಾರ ಮೇಯರ್ ಶಪಿರೊ ಅದನ್ನು ಒಪ್ಪದೆ, ಅವು ಕಲಾವಿದನ ಸ್ವಂತ ಬೂಟುಗಳು ಎಂದು ವಾದಿಸಿದ. ಯಾರು ಸರಿಯೋ, ಬೂಟು ಯಾರದು ಎಂಬ ಪ್ರಶ್ನೆಯಾದರೂ ಅಲ್ಲಿ ಎದ್ದಿತು. ನಮ್ಮಲ್ಲಿ ಗಡಿಗೆಯ ಅರ್ಥ ಕೇಳುತ್ತೇವೆ, ಯಾರ ಮನೆಯದು ಎಂದು ಕೇಳುವುದಿಲ್ಲ.

ಸಂಕೇತ ಹುಡುಕಿದ ಹಿರಿಯರಿಗೆ ನಾನು ಋಣಿ. ಹಿ.ಚಿ. ಬೋರಲಿಂಗಯ್ಯನವರ ಸಂಪಾದನೆಯಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ 1997ರಲ್ಲಿ ಈ ಕಾವ್ಯವನ್ನು ಪ್ರಕಟಿಸಿತು, ನನ್ನಂಥವರ ಪಿಎಚ್.ಡಿ. ಅಂಥ ಕೆಲಸದ ಮೇಲೆಯೇ ನಿಂತಿದೆ. ಆದರೆ ಸಂಕೇತದಲ್ಲಿ ಒಂದು ಅನುಕೂಲವಿದೆ. ಅದಕ್ಕೆ ನಾತವಿಲ್ಲ. ಗಡಿಗೆಯನ್ನು ಸಂಕೇತ ಮಾಡಿಕೊಂಡರೆ ಯಾರು ಬೇಕಾದರೂ ಅದನ್ನು ಹೊಗಳಿ, ಸಂಜೆ ಮನೆಗೆ ಹೋಗಿ ಕೆಲಸದವಳಿಗೆ ಬೇರೆ ಲೋಟದಲ್ಲಿ ಕಾಫಿ ಕೊಡಬಹುದು. ಕಲ್ಯಾಣದ ಬಾಗಿಲಲ್ಲಿ ತಡೆದವರೂ ಧರ್ಮದ ಮಾತು ಚೆನ್ನಾಗಿಯೇ ಬಲ್ಲವರಾಗಿದ್ದರು.

ಈ ಭಾಗವನ್ನು ಪಾಠ ಮಾಡುವ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ಗಡಿಗೆ ಏನನ್ನು ಸೂಚಿಸುತ್ತದೆ ಎಂದು ಕೇಳುವ ಮೊದಲು, ನಿಮ್ಮ ಮನೆಯಲ್ಲಿ ಬೇರೆ ಇಟ್ಟ ಲೋಟ ಇದೆಯೇ ಎಂದು ಕೇಳಿ. ತರಗತಿ ಸುಮ್ಮನಾಗುತ್ತದೆ. ಆಮೇಲೆ ಕಾವ್ಯ ಓದಿ.