ಏಳು ನಿಮಿಷದ ವಿಮಾನ, ಎಂಟೂವರಿ ತಾಸಿನ ದಾರಿ

ಇವತ್ತ ಕಬ್ಬಿನ ಮಾತು ಬ್ಯಾಡ, ವಿಮಾನದ ಮಾತು ಆಡೂಣು.

ನಮ್ಮ ಹತ್ತರಗಿ ಎರಡು ವಿಮಾನ ನಿಲ್ದಾಣದ ನಡುವ ಐತಿ. ತೆಂಕಣಕ್ಕ ಬೆಳಗಾವಿಯ ಸಾಂಬ್ರಾ, ಸುಮಾರು 45 ಕಿ.ಮೀ. ಬಡಗಣಕ್ಕ ಕೊಲ್ಲಾಪುರದ ಉಜಳಾಯಿವಾಡಿ, ಸುಮಾರು 70. ಒಂದು 1939ರದು, ಇನ್ನೊಂದು 1942ರಾಗ ಯುದ್ಧದ ಕಾಲಕ್ಕ ಬ್ರಿಟಿಷರು ಮಾಡಿದ್ದು. ಇವೆರಡರ ನಡುವ ಎಷ್ಟ ದೂರ ಅಂತ ಮೊಬೈಲಿನ್ಯಾಗ ಹುಡುಕಿದ್ರ, ನೆಟ್ಟಗ 96 ಕಿ.ಮೀ., ಹಾರಾಟ ಏಳು ನಿಮಿಷ ಅಂತ ಬರ್ತೈತಿ. ತಾಸಿಗೆ 800 ಕಿ.ಮೀ. ಹಿಡದು ಭಾಗಿಸಿಬಿಟ್ಟಾರ, ಅಷ್ಟ. ಅಷ್ಟರಾಗ ವಿಮಾನ ಮ್ಯಾಲ ಏರಿ ಇಳಿಯೂದರ ಹೆಂಗ?

ನಗೂ ಮಾತಲ್ಲ ಇದು. ಹೋದ ವರ್ಷ ನಮ್ಮವ್ವ ತೀರಿಕೊಂಡಾಗ, ಬೆಂಗಳೂರಾಗಿರೋ ತಮ್ಮನ ಮಗಗ ನಸುಕಿನ್ಯಾಗ ಫೋನ್ ಮಾಡಿದ್ವಿ. "ದೊಡ್ಡಪ್ಪಾ, ವಿಮಾನದಾಗ ಒಂದ ತಾಸಿನ ಹಾದಿ, ಕಾಯ್ರಿ" ಅಂದ. ಕಾದ್ವಿ. ಅಂವ ಮನಿ ಬಿಟ್ಟಿದ್ದು ಏಳಕ್ಕ. ದೇವನಹಳ್ಳಿ ಮುಟ್ಟಾಕ ಎರಡ ತಾಸು, ಅಲ್ಲಿ ತಪಾಸಣಿ, ಕಾಯೂದು ಮತ್ತೆರಡು. ಹಾರಿದ್ದು ಮಾತ್ರ ಒಂದೂಕಾಲು ತಾಸು, 440 ಕಿ.ಮೀ. ಸಾಂಬ್ರಾದಾಗ ಇಳದು ಬ್ಯಾಗ್ ತೊಗೊಂಡು, ಆಟೋದವನ ಜೋಡಿ ಚೌಕಾಸಿ ಮಾಡಿ, ಬೆಳಗಾವಿ ಬಸ್ ಸ್ಟ್ಯಾಂಡ್, ಅಲ್ಲಿಂದ ಬಸ್ಸು, ಹೈವೇದಾಗ ಕಬ್ಬಿನ ಟ್ರ್ಯಾಕ್ಟರ್ ಸಾಲು, ಟೋಲ್ ಹತ್ರ ಇಳದು ನನ್ನ ತಮ್ಮನ ಬೈಕ್. ಮನಿ ಮುಟ್ಟಿದಾಗ ಮೂರೂವರಿ. ಹಿರ್ಯಾರು ಹೊತ್ತ ನೋಡಕೋತ ಗದರಾಕತ್ತಿದ್ರು. ಹೆಂಗೋ ಅವ್ವನ ಮುಖಾ ನೋಡಿದ, ಹೊತ್ತ ಮುಳುಗೂದರಾಗ ಮಣ್ಣು ಮಾಡಿದ್ವಿ.

ಏಳಕ್ಕ ಬಸ್ ಹತ್ತಿದ್ರೂ ಒಂದ ತಾಸು ಹೆಚ್ಚು ಕಡಿಮಿ ಅಷ್ಟಕ್ಕ ಬರ್ತಿದ್ದ. ಕೊಲ್ಲಾಪುರದ ಕಡೆ ಹೋಗೋ ಬಸ್ಸಾಗಿದ್ರ ಟೋಲ್ ಹತ್ರನ ಇಳಿಸ್ತಿದ್ರು.

ಹಂಗಂತ ವಿಮಾನ ಬ್ಯಾಡ ಅನ್ನೂದಿಲ್ಲ. 2017ರಾಗ ಉಡಾನ್ ಶುರುವಾದಾಗ, ಒಂದ ತಾಸಿನ ಹಾರಾಟಕ್ಕ ಕೆಲವು ಸೀಟಿಗೆ 2,500 ರೂಪಾಯಿ ಮಿತಿ ಹಾಕಿದ್ರಲ್ಲ, ಅದು ನಮ್ಮಂಥವರಿಗೆ ಬಾಗಿಲಾ ತೆರದಂಗ ಆತು. ಆದ್ರ ಬಾಗಿಲ ತನಕಾ ಹೋಗೂದ ಹೆಂಗ? ರಾಜಕಾರಣಿಗಳು ಬಂದಾಗೊಮ್ಮೆ ನಾವು ಹೊಸಾ ಮಾರ್ಗ, ದೊಡ್ಡ ವಿಮಾನ ಕೇಳ್ತೇವಿ. ನಾ ಅನ್ನೂದು, ಮೊದಲ ಒಂದ ಬಸ್ ಕೇಳ್ರಿ. ಸಂಕೇಶ್ವರದಿಂದ ಹತ್ತರಗಿ, ಯಮಕನಮರಡಿ ಮ್ಯಾಲ ಹಾಯ್ದು ಸೀದಾ ಸಾಂಬ್ರಾಕ್ಕ, ವಿಮಾನ ಇಳಿಯೂ ಹೊತ್ತಿಗೆ ಹೊಂದಿಸಿ ಮುಂಜಾನಿ ಒಂದು, ಸಂಜೀಕ ಒಂದು. ವಿಮಾನ ತಡಾ ಆದ್ರ ಬಸ್ಸೂ ಅರ್ಧ ತಾಸು ನಿಲ್ಲಬೇಕು.

ಬರೂ ಗ್ರಾಮಸಭಾದಾಗ ಠರಾವ್ ಮಾಡಿಸಾಕ ನಾ ಅರ್ಜಿ ಬರದೇನಿ. ಬಾಜೂ ಹಳ್ಳ್ಯಾಗಿನವರೂ ನಿಮ್ಮ ನಿಮ್ಮ ಪಂಚಾಯ್ತಿಯೊಳಗ ಮಾಡಿಸ್ರಿ. ಅರ್ಜಿ ನಮೂನಿ ಬೇಕಾದವರು ಇಲ್ಲೇ ಕೆಳಗ ಹೇಳ್ರಿ, ಕಳಸ್ತೇನಿ.